ಬೇಡದ ಜಾಗದ ಜೇಬು

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಕಲಿಸುವ ಟೇಪಕ್ಕ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತದೆ, ಅದಕ್ಕೇ ಆ ಹೆಸರು. ಯಾರದೋ ಮದುವೆಗೂ ಹಾಗೇ ಹೋಗಿದ್ದರಂತೆ, ನಾನು ನೋಡಿಲ್ಲ. ಹೇಳಿದ್ದು ಹೋದ ವರ್ಷ, ಬೇಸಿಗೆ ಕಳೆಯುತ್ತಿದ್ದ ಒಂದು ಮಧ್ಯಾಹ್ನ. ಕಲಿಯಲು ಬರುವವರು ನಾವು ಏಳು ಜನ. ಹಳೆಯ ಪ್ಯಾಂಟಿನ ಕಾಲಿನಿಂದ ಚೀಲ ಹೊಲಿಯುತ್ತಿದ್ದ ಒಬ್ಬಳು ಕೇಳಿದಳು, "ಅಕ್ಕ, ಇದು ಹಳೇದ್ರಿಂದ ಮಾಡಿದ್ದು ಅಂತ ಗೊತ್ತಾಗದ ಹಾಗೆ ಮಾಡೋದು ಹೇಗೆ?"

ಟೇಪಕ್ಕ ಮಷೀನು ನಿಲ್ಲಿಸಿದರು. "ಗೊತ್ತಾದ್ರೆ ಏನಾಗುತ್ತೆ?"

"ನಾಚಿಕೆ ಆಗುತ್ತಲ್ಲ."

ಅವರು ಎದ್ದು ಒಳಗೆ ಹೋಗಿ ಕಾಗದಗಳ ಒಂದು ಕಟ್ಟು ತಂದರು. ಪೇಟೆಯಲ್ಲಿರುವ ತಂಗಿ ಬರೆದ ಪತ್ರಗಳು, ಜೊತೆಗೆ ಇವರೇ ತಂಗಿಗೆ ಬರೆದವುಗಳ ನಕಲು. ಅಳತೆ ಬರೆದುಕೊಳ್ಳುವ ಪುಸ್ತಕದಲ್ಲಿ ಹಾಳೆಯ ಅಡಿಗೆ ಕಾರ್ಬನ್ ಇಟ್ಟು ಬರೆಯುವುದು ಅವರ ರೂಢಿ. ಪತ್ರವನ್ನೂ ಅದರಲ್ಲೇ ಬರೆಯುತ್ತಿದ್ದರು. ಒಂದು ಮಗ್ಗುಲಿಗೆ ಯಾರದೋ ಸೊಂಟದ ಅಳತೆ, ಇನ್ನೊಂದು ಮಗ್ಗುಲಿಗೆ ಸಿಟ್ಟು. ಅವರು ಓದಿದ ಕ್ರಮದಲ್ಲೇ ಇಲ್ಲಿ ಇಟ್ಟಿದ್ದೇನೆ.

ಜೂನ್ ೪

ಅಕ್ಕನಿಗೆ,

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಚೆನ್ನಾಗಿದ್ದೇನೆ. ಫೋನು ಮಾಡಿದರೆ ನೀನು ಮೊದಲ ಮಾತಿಗೇ "ಈಗ ನೆನಪಾಯ್ತಾ" ಅನ್ನುತ್ತೀಯ, ಆಮೇಲೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಪತ್ರ.

ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದೇನೆ. ಮನೆಯಲ್ಲಿ ಬಿಸಾಡುವ ಸಾಮಾನನ್ನು ಇನ್ನೊಂದು ಉಪಯೋಗಕ್ಕೆ ತರುವುದು ಹೇಗೆ ಎಂಬುದು ವಿಷಯ. ನನ್ನ ಹೆಸರು ಹಾಕುವುದಿಲ್ಲ, 'ಜಾಣೆ' ಎಂದು ಹಾಕುತ್ತಾರೆ. ನೀನು ನಗುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ಗುಂಡಿ ಕಿತ್ತುಹೋದ ಅಂಗಿಗೆ ಪಿನ್ನು ಚುಚ್ಚಿಕೊಂಡು ಕೆಲಸಕ್ಕೆ ಹೋಗುವವಳು ನಾನು. ಮೊದಲ ಐದು ವಾರ ಹೇಗೋ ತಳ್ಳಿದೆ. ಖಾಲಿ ಬಾಟಲಿಯಲ್ಲಿ ಗಿಡ, ಒಡೆದ ಕಪ್ಪಿನಲ್ಲಿ ಗಿಡ, ಹರಿದ ಬೂಟಿನಲ್ಲಿ ಗಿಡ. ಆರನೆಯ ವಾರ ಸಂಪಾದಕಿ ಕರೆದು, "ಜಾಣೆಯವರೇ, ನಿಮ್ಮ ಮನೇಲಿ ಗಿಡ ಬಿಟ್ಟು ಬೇರೇನೂ ಇಲ್ವಾ?" ಎಂದು ಕೇಳಿದರು.

ಅಮ್ಮ ಏನೇನು ಮಾಡುತ್ತಿದ್ದಳೆಂದು ನಿನಗೆ ನೆನಪಿರುತ್ತದೆ. ನಾಲ್ಕಾರು ಬರೆದು ಕಳಿಸುತ್ತೀಯಾ? ಅಮ್ಮನಿಗೆ ಹೇಳಬೇಡ. ಯಾಕೆಂದು ಕೇಳಬೇಡ.

ನಿನ್ನ ತಂಗಿ

ಜೂನ್ ೧೨

ಜಾಣೆಗೆ,

ನಕ್ಕಿದ್ದು ನಿಜ. ಬಾಯಲ್ಲಿದ್ದ ಗುಂಡುಸೂಜಿ ಇನ್ನೇನು ನುಂಗಬೇಕಿತ್ತು, ದೇವರು ದೊಡ್ಡವನು.

ಬರೆದುಕೋ. ಜಿಪ್ಪು ಬಿಗಿಯಾದರೆ ಮೇಣದಬತ್ತಿಯ ತುಂಡು ಉಜ್ಜಬೇಕು. ಸಣ್ಣ ಮೊಳೆ ಹೊಡೆಯುವಾಗ ಹಳೆಯ ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿ ಹಿಡಿದರೆ ಬೆರಳು ಜಜ್ಜುವುದಿಲ್ಲ. ಮುರಿದ ಕೊಡೆಯ ಬಟ್ಟೆ ಬಿಚ್ಚಿ ಹೊಲಿದರೆ ಒದ್ದೆಯಾಗದ ಚೀಲವಾಗುತ್ತದೆ, ಕಡ್ಡಿಗಳನ್ನು ಬೀನ್ಸ್ ಬಳ್ಳಿಗೆ ಊರಬಹುದು. (ಗಿಡವೇ ಬೇಕೆಂದರೆ ಇದನ್ನು ಬರೆ.) ಹಳೆಯ ದಿಂಬಿನ ಚೀಲದ ತಳಕ್ಕೆ ತೂತು ಮಾಡಿ ಹ್ಯಾಂಗರ್ ತೂರಿಸಿದರೆ ಕೋಟಿಗೆ ಧೂಳು ಕೂರುವುದಿಲ್ಲ. ಇನ್ನು ನಡುವೆ ಸವೆದ ಬೆಡ್‌ಶೀಟು. ಅದನ್ನು ನಟ್ಟನಡುವೆ ಉದ್ದಕ್ಕೆ ಸೀಳಿ, ಎರಡು ಹೊರ ಅಂಚುಗಳನ್ನು ಒಟ್ಟಿಗೆ ತಂದು ಹೊಲಿ. ಗಟ್ಟಿ ಇದ್ದದ್ದು ನಡುವಿಗೆ ಬರುತ್ತದೆ, ಸವೆದದ್ದು ಹಾಸಿಗೆಯ ಅಡಿಗೆ ಹೋಗುತ್ತದೆ. ಇನ್ನೂ ಐದು ವರ್ಷ ಬಾಳುತ್ತದೆ. ಇದು ಅಮ್ಮ ಲಾಂಡ್ರಿಯಲ್ಲಿ ಕಲಿತದ್ದು.

ಅಮ್ಮ ಚೆನ್ನಾಗಿದ್ದಾಳೆ. ನಿವೃತ್ತಿಯಾದರೂ ಪ್ರತಿ ಗುರುವಾರ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಹೊಸಬರಿಗೆ ತೇಪೆ ಹಾಕುವುದು ಕಲಿಸುತ್ತಾಳೆ. ಬುಧವಾರವೇ ಚಪ್ಪಲಿ ಒರೆಸಿ ಬಾಗಿಲ ಬಳಿ ಇಡುತ್ತಾಳೆ. ವಾರದಲ್ಲಿ ಅವಳಿಗೆ ಇರುವುದು ಅದೊಂದೇ ದಿನ, ಉಳಿದ ಆರು ದಿನ ಅದಕ್ಕೆ ಕಾಯುವುದು.

ಅವಳ ನಿವೃತ್ತಿಯ ದಿನ ನೀನು ಬರಲಿಲ್ಲ. ಲಾಂಡ್ರಿಯ ಹೆಂಗಸರೆಲ್ಲ ಚಿಕ್ಕ ಮಗಳೆಲ್ಲಿ ಎಂದು ಕೇಳಿದರು. ನೀನು ಯಾಕೆಂದು ಕೇಳಬೇಡ ಎಂದೆಯಲ್ಲ, ಕೇಳುವುದಿಲ್ಲ.

ಅಕ್ಕ

ಜುಲೈ ೨೦

ಅಕ್ಕನಿಗೆ,

ಬಾಚಣಿಗೆಯ ವಿಷಯಕ್ಕೆ ಹದಿಮೂರು ಪತ್ರ ಬಂದವು. ಒಬ್ಬ ಗಂಡಸು, "ಇಷ್ಟು ವರ್ಷ ಬೆರಳು ಜಜ್ಜಿಕೊಂಡೆ, ನೀವು ಎಲ್ಲಿದ್ದಿರಿ ತಾಯಿ?" ಎಂದು ಬರೆದಿದ್ದಾನೆ. ಬೆಡ್‌ಶೀಟಿನದ್ದನ್ನು ಸಂಪಾದಕಿಯೇ ಮನೆಯಲ್ಲಿ ಮಾಡಿ ನೋಡಿದರಂತೆ. ಈಗ ಅಂಕಣ ಅರ್ಧ ಪುಟದಿಂದ ಒಂದು ಪುಟವಾಗಿದೆ. ಎಲ್ಲರೂ ನನ್ನನ್ನು ಜಾಣೆ ಎಂದೇ ಕರೆಯುತ್ತಾರೆ. ಮೊದಮೊದಲು ತಿರುಗಿ ನೋಡಲು ಸಂಕೋಚವಾಗುತ್ತಿತ್ತು. ಈಗ ತಿರುಗುತ್ತೇನೆ.

ಮುಂದಿನದ್ದಕ್ಕೆ "ನಿಮ್ಮ ಬಾಲ್ಯದ್ದು ಏನಾದರೂ ಬರೆಯಿರಿ, ಓದುವವರಿಗೆ ನೆನಪು ಬೇಕು" ಎಂದಿದ್ದಾರೆ. ನನಗೆ ನೆನಪಾದದ್ದು ನಮ್ಮ ಫ್ರಾಕುಗಳ ಜೇಬು. ಬೆನ್ನ ಮೇಲೊಂದು, ಮೊಣಕಾಲಿನ ಹಿಂದೊಂದು, ಕಂಕುಳ ಕೆಳಗೊಂದು. ಇಲ್ಲಿ ಅಂಗಡಿಗಳಲ್ಲಿ ಅಂಥವು ಗಾಜಿನ ಹಿಂದೆ ನೇತಾಡುತ್ತವೆ. ಅಮ್ಮ ಅವನ್ನು ಹೇಗೆ ಹೊಲಿಯುತ್ತಿದ್ದಳು, ಹೇಳುತ್ತೀಯಾ?

ನಿನ್ನ ತಂಗಿ

ಜುಲೈ ೨೮

ತಂಗಿಗೆ,

ಜೇಬು ಹೊಲಿಯುವುದು ಸುಲಭ. ತೂತಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾಗಿ ತುಂಡು ಕತ್ತರಿಸು. ಮೇಲಂಚು ಮೊದಲು ಮಡಚಿ ಹೊಲಿದುಬಿಡು. ಉಳಿದ ಮೂರು ಕಡೆ ಮಡಚಿ, ಇಸ್ತ್ರಿ ಹಾಕಿ, ಅಂಚಿಗೆ ಹತ್ತಿರವಾಗಿ ಹೊಲಿಗೆ ಓಡಿಸು. ಒಳಗಡೆಯಿಂದ ತೂತಿಗೆ ಇನ್ನೊಂದು ತುಂಡು ಕೊಟ್ಟರೆ ಜೇಬಿನಲ್ಲಿಟ್ಟದ್ದು ಬೀಳುವುದಿಲ್ಲ. ಇಷ್ಟನ್ನು ಬರೆ.

ಆ ತೂತು ಯಾಕಿತ್ತು ಎಂದು ಮಾತ್ರ ಬರೆಯಬೇಡ.

ನೀನು ಮರೆತಿರುವುದಿಲ್ಲ, ಆದರೂ ಹೇಳುತ್ತೇನೆ. ತೇಪೆ ಹಾಕಲಿಕ್ಕೂ ಆಗದಷ್ಟು ಸವೆದ ಬೆಡ್‌ಶೀಟಿಗೆ ಲಾಂಡ್ರಿಯ ಮೇಸ್ತ್ರಿ ಒಂದು ಮೂಲೆ ಕತ್ತರಿಸಿ ರದ್ದು ಮಾಡುತ್ತಿದ್ದರು. ಮೂಲೆ ಕತ್ತರಿಸಿದ್ದನ್ನು ಬೇಕಾದವರು ಮನೆಗೆ ಒಯ್ಯಬಹುದಿತ್ತು. ಅಮ್ಮ ಅವುಗಳಲ್ಲಿ ಗಟ್ಟಿ ಜಾಗ ಹುಡುಕಿ ನಮ್ಮಿಬ್ಬರಿಗೆ ಫ್ರಾಕು ಹೊಲಿಯುತ್ತಿದ್ದಳು. ಆಸ್ಪತ್ರೆಯ ಸೀಲು ಒಗೆದು ಒಗೆದು ಮಾಸಿರುತ್ತಿತ್ತು, ಒಳಕ್ಕೆ ಮಡಚಿದರೆ ಕಾಣುತ್ತಿರಲಿಲ್ಲ. ನಿನ್ನ ಶಾಲೆಯ ವಾರ್ಷಿಕೋತ್ಸವದ ಫ್ರಾಕಿನಲ್ಲಿ ಮಾತ್ರ ಕಂಡಿತು. ವೇದಿಕೆಯ ದೀಪಕ್ಕೆ ಅಂಚಿನೊಳಗಿನಿಂದ 'ವಾರ್ಡು ೧೧' ಎಂದು ಮೊದಲ ಸಾಲಿನವರಿಗೆಲ್ಲ ಓದಲು ಬಂತು. ವರ್ಷವಿಡೀ ನಿನ್ನನ್ನು ಹನ್ನೊಂದನೇ ವಾರ್ಡು ಎಂದೇ ಕರೆದರು. "ಡಾಕ್ಟರು ಬಂದ್ರು, ಮಲಗು" ಎಂದು ಬೆಂಚಿನ ಮೇಲೆ ತಳ್ಳುತ್ತಿದ್ದರು. ನೀನು ಆ ಫ್ರಾಕನ್ನು ಕತ್ತರಿಯಿಂದ ಚೂರು ಮಾಡಿದೆ. ಅಮ್ಮ ಚೂರುಗಳನ್ನು ಆರಿಸಿ ಬಟ್ಟೆ ಕ್ಲಿಪ್ಪು ಇಡುವ ಚೀಲ ಹೊಲಿದಳು. ಆಮೇಲಿಂದ ಮಾಸಿದ್ದಿರಲಿ, ಮಾಸದ್ದಿರಲಿ, ಸೀಲನ್ನು ಕತ್ತರಿಸಿ ತೆಗೆದು ಅಲ್ಲಿ ಜೇಬು ಕೊಡಲು ಶುರು ಮಾಡಿದಳು.

ಅವಳು ಮರೆಮಾಡಿದ್ದನ್ನು ನೀನು ಬಿಚ್ಚಬೇಡ.

ಅಕ್ಕ

ಆಗಸ್ಟ್ ೩

ಅಕ್ಕ,

ಸರಿ. ಬರೆಯುವುದಿಲ್ಲ.

ತಂಗಿ

ಆಗಸ್ಟ್ ೨೪

ತಂಗಿಗೆ,

ಬರೆಯುವುದಿಲ್ಲ ಎಂದವಳ ಪುಟ ಓದಿದೆ. ನಾನು ಕೊಂಡು ಓದಿದ್ದಲ್ಲ, ಓದಿದ ಮೂರನೆಯ ಗಿರಾಕಿ ನನ್ನ ಮೇಜಿನ ಮೇಲೆ ಬಿಟ್ಟುಹೋದದ್ದು. "ನನ್ನ ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಬಿಳಿ ಬೆಡ್‌ಶೀಟುಗಳನ್ನು ಮನೆಗೆ ತಂದು, ಸೀಲಿರುವ ಜಾಗವನ್ನು ಕತ್ತರಿಸಿ ತೆಗೆದು, ಆ ತೂತಿನ ಮೇಲೆ ಮುದ್ದಾದ ಜೇಬು ಹೊಲಿಯುತ್ತಿದ್ದಳು. ಎಂಥ ಜಾಣತನ!" ಓದುವವರು ಏನೆಂದುಕೊಳ್ಳಬೇಕು?

ನಿನ್ನ ಹೆಸರಿಲ್ಲದಿದ್ದರೇನು. ಲಾಂಡ್ರಿಯ ಕೆಲಸ ಮಾಡಿ, ಬೇಡದ ಜಾಗದಲ್ಲಿ ಜೇಬು ಇಡುವವಳು ಈ ಊರಿಗೆಲ್ಲ ಒಬ್ಬಳೇ.

ಗುರುವಾರ ಅಮ್ಮ ಎಂದಿನಂತೆ ಹೋದಳು. ಸಂಜೆ ಹೊರಡುವಾಗ ಗೇಟಿನವನು, "ಅಮ್ಮಾ, ಚೀಲ ಸ್ವಲ್ಪ ತೋರಿಸ್ತೀರಾ? ಮೇಲಿನವರು ಹೇಳಿದಾರೆ, ಬೇಜಾರು ಮಾಡ್ಕೋಬೇಡಿ" ಎಂದನಂತೆ. ಅವನ ಮದುವೆಗೆ ಹಾಸಿಗೆಯ ಹೊದಿಕೆ ಹೊಲಿದುಕೊಟ್ಟವಳು ಅಮ್ಮ. ಚೀಲದಲ್ಲಿ ಇದ್ದದ್ದು ಕನ್ನಡಕ, ಸೂಜಿಡಬ್ಬಿ, ಅರ್ಧ ಸೇಬು. ಹಿಂದೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನೋಡುತ್ತಿದ್ದರು. ಇದನ್ನು ನನಗೆ ಹೇಳಿದ್ದು ಅಮ್ಮನಲ್ಲ, ಅವರಲ್ಲಿ ಒಬ್ಬಳು.

ಈ ಗುರುವಾರ ಅಮ್ಮ ಹೋಗಲಿಲ್ಲ. ಕಾಲು ನೋವು ಎಂದಳು. ಯಾವ ಕಾಲು ಎಂದರೆ, ಮೊದಲು ಬಲ ತೋರಿಸಿದಳು, ಆಮೇಲೆ ಎಡ.

'ರದ್ದಾದ' ಎಂಬ ಒಂದೇ ಒಂದು ಪದ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅಷ್ಟೂ ಜಾಗವಿರಲಿಲ್ಲವಾ ಒಂದು ಪುಟದಲ್ಲಿ? ಅಮ್ಮ ಕಳ್ಳಿಯಲ್ಲ ಎಂದು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆ. ಅವಳು ಆ ಗೇಟಿನೊಳಗೆ ತಲೆಯೆತ್ತಿ ಹೋಗುವ ಹಾಗೆ ಮಾಡು. ಅಲ್ಲಿಯವರೆಗೆ ನನಗೆ ಬೇರೇನೂ ಬರೆಯಬೇಡ.

ಅಕ್ಕ

ಸೆಪ್ಟೆಂಬರ್ ೧

ಅಕ್ಕನಿಗೆ,

ಜಾಗವಿತ್ತು. ಆ ಪದವನ್ನೂ ಬರೆದಿದ್ದೆ. ಅಚ್ಚಿಗೆ ಹೋಗುವ ಮೊದಲು ನಾನೇ ಹೊಡೆದುಹಾಕಿದೆ.

ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ. ರದ್ದಾದ ಬಟ್ಟೆ ಎಂದು ಬರೆದರೆ ಓದುವವರಿಗೆ ಚಿಂದಿ ಕಾಣುತ್ತದೆ, ಅದರ ಮೇಲೆ ಮಲಗಿದ ರೋಗಿಗಳು ಕಾಣುತ್ತಾರೆ, ಅದನ್ನು ಹಾಕಿಕೊಂಡು ನಿಂತ ನಾನು ಕಾಣುತ್ತೇನೆ. ಬರೀ ಬಿಳಿ ಬೆಡ್‌ಶೀಟು ಎಂದರೆ ಚೆಂದ ಕಾಣುತ್ತದೆ. ಅಮ್ಮನ ಮೇಲೆ ಏನು ಬೀಳುತ್ತದೆಂದು ಯೋಚಿಸಲೇ ಇಲ್ಲ. ನನ್ನ ಮೇಲಿನದ್ದನ್ನು ಒರೆಸಿಕೊಳ್ಳುವುದರಲ್ಲೇ ಇದ್ದೆ. ನಿವೃತ್ತಿಯ ದಿನ ಬರದಿದ್ದದ್ದಕ್ಕೂ ಕಾರಣ ಇದೇ. ಅಲ್ಲಿ ಯಾರಾದರೂ "ಓ, ಹನ್ನೊಂದನೇ ವಾರ್ಡು" ಎಂದುಬಿಡುತ್ತಾರೆಂದು ಹೆದರಿದ್ದೆ. ಮೂವತ್ತೆಂಟು ವರ್ಷದ ಹೆಂಗಸು.

ಸಂಪಾದಕಿಯ ಹತ್ತಿರ ಮಾತಾಡಿದ್ದೇನೆ. ಇದನ್ನು ಹಾಕುತ್ತಾರೆ: "ಜಾಣೆಯ ತಾಯಿ ಮನೆಗೆ ತಂದವೆಲ್ಲ ಲಾಂಡ್ರಿಯವರೇ ರದ್ದು ಮಾಡಿ ಕೊಟ್ಟ ಬಟ್ಟೆಗಳು. ಮೂವತ್ತೈದು ವರ್ಷದ ಕೆಲಸದಲ್ಲಿ ಅವರು ಅನುಮತಿಯಿಲ್ಲದೆ ಒಂದು ದಾರವನ್ನೂ ತಂದವರಲ್ಲ."

ಅಮ್ಮನಿಗೆ ಓದಿ ಹೇಳು. ಸರಿ ಎಂದರೆ ಮುಂದಿನ ವಾರವೇ ಅಚ್ಚಾಗುತ್ತದೆ.

ತಂಗಿ

ಸೆಪ್ಟೆಂಬರ್ ೯

ಮಗಳಿಗೆ,

ಅಮ್ಮ ಬರೆಯುವುದು. ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಅಂಚೆ ಡಬ್ಬಿಗೆ ಹಾಕಬೇಕು.

ನೀನು ಬರೆದದ್ದನ್ನು ಓದಿ ಹೇಳಿದಳು. ಚೆನ್ನಾಗಿದೆ. ಅದನ್ನು ಹಾಕಿಸಬೇಡ.

ಒಂದು ದಾರವನ್ನೂ ಎಂದು ಬರೆದಿದ್ದೀಯ. ದಾರವಲ್ಲ, ಒಂದು ಬೆಡ್‌ಶೀಟು. ಹೊಸದು. ಗಂಟು ಬಿಚ್ಚಿ ಸೀಲು ಹಾಕಿ ಒಂದು ದಿನವೂ ಆಗಿರಲಿಲ್ಲ.

ವಾರ್ಷಿಕೋತ್ಸವಕ್ಕೆ ಎಲ್ಲರೂ ಬಿಳಿ ಹಾಕಬೇಕು ಎಂದಿದ್ದರು. ನಾನು ಹಳೆಯದರಿಂದ ಹೊಲಿದುಕೊಟ್ಟೆ. ನೀನು ನೋಡಿ, ಇದು ಬಿಳಿ ಅಲ್ಲಮ್ಮ, ಒಗೆದದ್ದರ ಬಣ್ಣ ಎಂದೆ. ಅಳಲಿಲ್ಲ. ಅತ್ತಿದ್ದರೆ ಗದರಿ ಸುಮ್ಮನಿರಿಸುತ್ತಿದ್ದೆ. ಮರುದಿನ ಸ್ಟೋರಿನಲ್ಲಿ ಯಾರೂ ಇರಲಿಲ್ಲ. ಹೊಟ್ಟೆಗೆ ಸುತ್ತಿಕೊಂಡು ಬಂದೆ. ಗೇಟಿನಲ್ಲಿ ಆಗ ಈಗಿನವನ ಅಪ್ಪ ಇದ್ದ. ಏನಮ್ಮ, ಊಟ ಜೋರಾ ಎಂದು ನಕ್ಕ. ನಾನೂ ನಕ್ಕೆ.

ಹೊಸ ಸೀಲಿನ ಶಾಯಿ ಬಟ್ಟೆಯ ಆಚೆಗೂ ಹಾಯ್ದು ಕಾಣುತ್ತದೆ ಎಂದು ನನಗೆ ಗೊತ್ತು. ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟವಳು. ಆದರೂ ಸೀಲು ಕತ್ತರಿಸಲಿಲ್ಲ. ಕತ್ತರಿಸಿದರೆ ಕದ್ದ ಹಾಗೆ ಆಗುತ್ತದೆ ಅನ್ನಿಸಿತು. ಇದ್ದ ಹಾಗೇ ಇಟ್ಟರೆ ಏನೋ ಸ್ವಲ್ಪ ದಿನಕ್ಕೆ ತಂದ ಹಾಗೆ. ಅದಕ್ಕೇ ಒಳಗೆ ಮಡಚಿದೆ. ನಿನ್ನನ್ನು ವಾರ್ಡು ವಾರ್ಡು ಎಂದು ಕರೆದದ್ದು ನನ್ನ ತಪ್ಪಿಗೆ. ನೀನು ಫ್ರಾಕು ಚೂರು ಮಾಡಿದಾಗ ನನಗೆ ಸಮಾಧಾನವಾಯಿತು, ಇನ್ನು ಯಾರಿಗೂ ಕಾಣುವುದಿಲ್ಲ ಎಂದು. ಅದಕ್ಕೂ ನಾಚಿಕೆ.

ಗೇಟಿನವನು ಚೀಲ ಬಿಚ್ಚಿಸಿದ್ದು ತಪ್ಪಲ್ಲ. ಮೂವತ್ತು ವರ್ಷ ತಡ, ಅಷ್ಟೇ.

ಒಂದು ಹೊಸ ಬೆಡ್‌ಶೀಟು ತಂದಿಟ್ಟಿದ್ದೇನೆ. ಬರುವ ಗುರುವಾರದ ಮುಂದಿನ ಗುರುವಾರ ಒಯ್ದು ಕೊಡುತ್ತೇನೆ. ಕೊಡದೆ ಅಲ್ಲಿ ಕೂತು ಕಲಿಸಲಾರೆ. ಅಕ್ಕನಿಗೆ ಹೇಳಲು ಬಾಯಿ ಬರುವುದಿಲ್ಲ. ಅವಳು ನನ್ನನ್ನು ಬಹಳ ಒಳ್ಳೆಯವಳು ಅಂದುಕೊಂಡಿದ್ದಾಳೆ. ನೀನು ಅಷ್ಟು ಅಂದುಕೊಂಡಿಲ್ಲ, ಅದಕ್ಕೇ ನಿನಗೆ ಬರೆದೆ.

ಅಮ್ಮ

ಸೆಪ್ಟೆಂಬರ್ ೨೬

ಅಕ್ಕನಿಗೆ,

ಅಮ್ಮನ ಪತ್ರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಅಮ್ಮನೇ ಇಡು ಎಂದಳು.

ಗುರುವಾರ ಅಮ್ಮ "ಸುಮ್ಮನೆ ಹೋಗಿ ಬರ್ತೀನಿ" ಎಂದು ಹೊರಟಾಗ ನಿನಗೆ ಸಂತೋಷವಾಯಿತಂತೆ. ನಾನು ಬೆಳಿಗ್ಗೆಯ ಬಸ್ಸಿಗೆ ಬಂದು ಆಸ್ಪತ್ರೆಯ ಗೇಟಿನ ಬಳಿ ನಿಂತಿದ್ದೆ. ಬರುತ್ತೇನೆಂದು ಹೇಳಿರಲಿಲ್ಲ. ಅಮ್ಮ ನನ್ನನ್ನು ನೋಡಿ, "ತಿಂಡಿ ತಿಂದ್ಯಾ?" ಎಂದಳು.

ಗೇಟಿನವನು ಚೀಲ ನೋಡಿ ತಲೆ ಕೆರೆದುಕೊಂಡ. "ಇದೇನಮ್ಮ, ಎಲ್ಲರೂ ಹೊರಗೆ ಒಯ್ತಾರೆ, ನೀವು ಒಳಗೆ ಒಯ್ತಿದೀರಿ."

"ಒಳಗೆ ಒಯ್ಯೋಕೂ ಚೀಟಿ ಬೇಕಾ?" ಎಂದಳು ಅಮ್ಮ.

ಲಾಂಡ್ರಿಯನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ಆ ಬಿಸಿ, ಆ ಸೋಪಿನ ಘಾಟು, ತಿರುಗುವ ಡ್ರಮ್ಮುಗಳ ಸದ್ದು. ಅಮ್ಮ ಮೂವತ್ತೈದು ವರ್ಷ ಯಾಕೆ ಗಟ್ಟಿಯಾಗಿ ಮಾತಾಡುತ್ತಿದ್ದಳೆಂದು ಅರ್ಥವಾಯಿತು. ಉದ್ದದ ಮೇಜಿನ ಎರಡು ಕಡೆ ಒಂಬತ್ತು ಹೆಂಗಸರು. ಈಗಿನ ಮೇಲ್ವಿಚಾರಕಿ ಅಮ್ಮನಿಂದಲೇ ಕೆಲಸ ಕಲಿತವಳು. ಅಮ್ಮ ಬೆಡ್‌ಶೀಟು ತೆಗೆದು ಮೇಜಿನ ಮೇಲಿಟ್ಟು ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. ನಿನಗೆ ಹೇಳಲಾಗದ್ದನ್ನು ಅಲ್ಲಿ ಹೇಳಿದಳು. ನಾಲ್ಕೇ ಮಾತು. ಯಾವ ಕಾರಣವನ್ನೂ ಕೊಡಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ.

ಮೇಲ್ವಿಚಾರಕಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಹೋಗ್ಲಿ ಬಿಡಿ ಅಮ್ಮಾ, ಯಾವ ಕಾಲದ್ದೋ."

"ಹೋಗ್ಲಿ ಅನ್ನೋಕೆ ಅದು ನಿಮ್ಮಪ್ಪನ ಮನೆ ಬೆಡ್‌ಶೀಟಾ? ಸೀಲು ತಗೊಂಡು ಬಾ."

ಮೇಲ್ವಿಚಾರಕಿಯೇ ಸೀಲು ತಂದು ಮೂಲೆಗೆ ಒತ್ತಿದಳು. ಅವಸರಕ್ಕೆ ಅದು ಎರಡೆರಡಾಗಿ ಮೂಡಿತು. ಆಗ ನಾನು ಹೇಳಿದೆ, "ಹೊಸ ಬಿಳಿ ಬೇಕು ಅಂದವಳು ನಾನು. ಪತ್ರಿಕೆಗೆ ಬರೆದವಳೂ ನಾನೇ. ಇವರ ಚಿಕ್ಕ ಮಗಳು." ಒಬ್ಬಳು ನನ್ನ ಬೂಟು ನೋಡಿದಳು, ಆಮೇಲೆ ತನ್ನ ಕೆಲಸ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಮ್ಮ ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಳು. ಅದನ್ನು ಮಡಚಲು ಇಬ್ಬರು ಬೇಕು, ನಿನಗೆ ಗೊತ್ತಲ್ಲ. ಆ ಒಂಬತ್ತು ಜನರಲ್ಲಿ ಯಾರೂ ಕದಲಲಿಲ್ಲ. ಕೋಪವೋ, ಮರ್ಯಾದೆಯೋ, ನನಗೆ ಇವತ್ತಿಗೂ ತಿಳಿಯದು. ನಾನು ಹೋಗಿ ಆ ಕಡೆಯ ತುದಿ ಹಿಡಿದೆ. ಹಿಡಿದು ತಿರುಚಿಬಿಟ್ಟೆ. ಊರವರಿಗೆಲ್ಲ ಮನೆವಾರ್ತೆ ಹೇಳಿಕೊಟ್ಟವಳಿಗೆ ಒಂದು ಬೆಡ್‌ಶೀಟು ಮಡಚಲು ಬರಲಿಲ್ಲ.

"ಎಡಗೈ ಮೇಲೆ. ಈಗ ನನ್ನ ಹತ್ರ ಬಾ," ಎಂದಳು ಅಮ್ಮ.

ಹೋದೆ. ತುದಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು, "ಮತ್ತೆ ಹಿಂದೆ ಹೋಗು," ಎಂದಳು. ಮೂರು ಸಲ ಹಾಗೆ ಹೋಗಿ ಬಂದೆ. ಆಮೇಲೆ ಅವಳು ತನ್ನ ಸ್ಟೂಲಿನ ಮೇಲೆ ಕೂತು, ಹರಿದ ದಿಂಬಿನ ಚೀಲವೊಂದನ್ನು ಎಳೆದುಕೊಂಡು, ಪಕ್ಕದವಳಿಗೆ "ನೋಡು, ಇಲ್ಲಿಂದ ಶುರು ಮಾಡ್ಬೇಕು" ಎಂದಳು. ಪಕ್ಕದವಳು ಸ್ವಲ್ಪ ಹೊತ್ತು ಬಿಟ್ಟು ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ನಾನು ಹೊರಗೆ ಬಂದೆ.

ಮನೆಯ ಕಡೆ ತಿರುಗಲು ಧೈರ್ಯವಾಗಲಿಲ್ಲ. ಅದೇ ಬಸ್ಸಿಗೆ ಮರಳಿದೆ. ಆ ತಿದ್ದುಪಡಿ ಹಾಕಿಸಲಿಲ್ಲ, ಅಂಕಣ ಬಿಟ್ಟಿದ್ದೇನೆ. ದೊಡ್ಡ ತ್ಯಾಗವೇನಲ್ಲ, ಅದರಲ್ಲಿ ನನ್ನದು ಎನ್ನುವುದು ಏನೂ ಇರಲಿಲ್ಲ.

ಅಮ್ಮನಿಗೆ ಏನೂ ಅನ್ನಬೇಡ. ನನಗೆ ಅನ್ನು.

ತಂಗಿ

ಟೇಪಕ್ಕ ಕೊನೆಯ ಹಾಳೆಯನ್ನು ಮಡಚಿದರು. ಇದಕ್ಕೆ ನೀವೇನು ಬರೆದಿರಿ ಎಂದು ಒಬ್ಬಳು ಕೇಳಿದಳು. "ಬರೆದೆ. ಅವತ್ತು ಕಾರ್ಬನ್ ಇಡಲಿಲ್ಲ," ಎಂದರು. ಅಮ್ಮ ಈಗಲೂ ಹೋಗುತ್ತಾರಾ ಎಂದರೆ, ಗುರುವಾರ ಗುರುವಾರ ಹೋಗುತ್ತಾರೆ, ಗೇಟಿನವನು ಬೇಡ ಬೇಡ ಎಂದರೂ ಚೀಲ ಬಿಚ್ಚಿ ತೋರಿಸಿಯೇ ಬರುತ್ತಾರೆ ಎಂದರು. ತಂಗಿಯ ವಿಷಯ ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಟೇಪಕ್ಕ ಬಾಗಿಲು ತೆಗೆಯುವ ಮೊದಲೇ ನಾವು ಏಳು ಜನವೂ ಮೆಟ್ಟಿಲ ಮೇಲೆ ನಿಂತಿದ್ದೆವು. ಯಾವತ್ತೂ ಅಷ್ಟು ಬೇಗ ಬಂದವರಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಕಸ ಚೆಲ್ಲಲು ಹಿಂದಕ್ಕೆ ಹೋದದ್ದೇ ತಡ, ಎಲ್ಲರೂ ದೊಡ್ಡ ಮೇಜಿನ ಸುತ್ತ ಸರಿದಾಡಿದೆವು. ಅವರು ಬರುವಷ್ಟರಲ್ಲಿ ಮೇಜಿನ ಮೇಲೆ ದಾರ ಸುತ್ತಿದ ಎಂಟು ಬಾಬಿನ್ನು, ಮೂರು ಜಿಪ್ಪು, ಅರ್ಧ ಸುರುಳಿ ಎಲಾಸ್ಟಿಕ್ಕು, ಗುಂಡಿಗಳ ಒಂದು ಪೊಟ್ಟಣ, ಲೈನಿಂಗ್ ಬಟ್ಟೆಯ ಎರಡು ತುಂಡು ಬಂದು ಕೂತಿದ್ದವು. ನಾನು ಮನೆಗೆ ಒಯ್ದಿದ್ದ ಸಣ್ಣ ಕತ್ತರಿಯನ್ನು ಬಟ್ಟೆಯ ಕೆಳಗೆ ಸರಿಸಿದ್ದೆ. ಅದರ ಹಿಡಿ ಹೊರಗೆ ಕಾಣುತ್ತಿತ್ತು.

ಟೇಪಕ್ಕ ಎಲ್ಲವನ್ನೂ ಒಮ್ಮೆ ನೋಡಿದರು. ಯಾರದ್ದು ಯಾವುದು ಎಂದು ಕೇಳಲಿಲ್ಲ. ಒಂದೊಂದನ್ನೇ ಎತ್ತಿ ಅದರದರ ಡಬ್ಬಿಗೆ ಹಾಕಿದರು. ಕೊನೆಗೆ ಕತ್ತರಿ ತೆಗೆದು, "ಇದನ್ನ ನಾನೇ ಎಲ್ಲೋ ಕಳ್ಕೊಂಡೆ ಅಂತ ಹುಡುಕ್ತಾ ಇದ್ದೆ" ಎನ್ನುತ್ತ ಎಲ್ಲರ ಕೈಗೂ ಎಟಕುವಂತೆ ಮೇಜಿನ ನಡುವೆ ಇಟ್ಟರು.

ಅವತ್ತು ಮಧ್ಯಾಹ್ನದವರೆಗೂ ನಾವೆಲ್ಲ ದಾರವನ್ನು ಹಲ್ಲಿನಿಂದಲೇ ಕಡಿದೆವು.